ಅತ್ತೆಗೊಂದು ಶೆಡ್ಡು

ಅತ್ತೆಯನ್ನು ಮನೆಯಿಂದ ಹೊರಗೆ ಹಾಕಿದ ಸೊಸೆಯರು ಈ ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದರಲ್ಲೇನೂ ವಿಶೇಷವಿಲ್ಲ ಬಿಡಿ. ಆದರೆ ಅತ್ತೆಯನ್ನು ಹಿತ್ತಲಿಗೆ ಹಾಕಿ, ಹಾಗೆ ಹಾಕಿದ್ದಕ್ಕೆ ಇಡೀ ಬೀದಿಯವರ ಬಾಯಲ್ಲಿ ಭೇಷ್ ಅನ್ನಿಸಿಕೊಂಡ ಸೊಸೆಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣೋದೇನು, ಒಂದೇ ಮನೆಯಲ್ಲಿ ಅವರ ಜೊತೆ ವರ್ಷಗಟ್ಟಲೆ ಬಾಳಿದ್ದೇನೆ. ಅವರು ನನ್ನ ಓರಗಿತ್ತಿ, ಅಂದರೆ ನಮ್ಮನೆಯವರ ಅಣ್ಣನ ಹೆಂಡತಿ. ನಾನು ಕರೆಯೋದು ಅಕ್ಕ ಅಂತ. ಹೆಸರು ಬರೆಯೋದಿಲ್ಲ. ಬರೆದರೆ ನಾಳೆ ಮೊದಲನೇ ಬಸ್ಸಿಗೇ ಬಂದು ನಮ್ಮನೆ ಬಾಗಿಲು ತಟ್ಟುತ್ತಾರೆ. ಜಗಳಕ್ಕಲ್ಲ! ನಮ್ಮ ಬಾಗಿಲಿನ ಕೀಲು ಕಿರುಗುಟ್ಟುತ್ತೆ ಅಂತ ಅವರಿಗೆ ಬಹಳ ದಿನದಿಂದ ಸಂಕಟ. ಅದನ್ನು ಬಿಚ್ಚೋಕೆ ಒಂದು ನೆಪ ಕಾಯ್ತಾ ಇದ್ದಾರೆ.

ಅಕ್ಕ ಕುಣಿಗಲ್‌ನವರು. "ಕುಣಿಗಲ್ ಕೆರೆ ನೀರು ಕುಡಿದೋರು ಕೈ ಕಟ್ಕೊಂಡು ಕೂರಲ್ಲ ಕಣೇ" ಅಂತ ಅವರೇ ಹೇಳೋರು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಕೈ ಕಟ್ಟಿಕೊಂಡು ಕೂತ ಜನರನ್ನು ನಾನೇ ಬೇಕಾದಷ್ಟು ನೋಡಿದ್ದೇನೆ, ಆದರೂ ಎದುರಾಡಲಿಲ್ಲ. ಅವರ ಧರ್ಮ ಒಂದೇ: ಯಾವ ಕೆಲಸಕ್ಕೂ ಯಾರನ್ನೂ ಕರೆಯಕೂಡದು. ಫ್ಯಾನು ನಿಂತರೆ ಅಕ್ಕನೇ ಬಿಚ್ಚೋರು. ಹೆಂಚು ಸರಿದರೆ ಸೀರೆ ಎತ್ತಿ ಕಟ್ಟಿ ಅಕ್ಕನೇ ಏಣಿ ಹತ್ತೋರು. ಒಂದು ಸಲ ರೇಡಿಯೋ ರಿಪೇರಿ ಮಾಡಿದರು. ಮಾತೇನೋ ಬಂತು, ಆದರೆ ಅದರ ತಲೆ ಮೇಲೆ ಇಡ್ಲಿ ತಟ್ಟೆ ಇಟ್ಟರೆ ಮಾತ್ರ ಬರ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದೋ ವಾರ್ತೆ, ಇಲ್ಲವೇ ಇಡ್ಲಿ. ಎರಡೂ ಸೇರಿ ಬಂದ ದಿನ ನನಗೆ ನೆನಪಿಲ್ಲ.

ಭಾವ ಸಾಧು ಪ್ರಾಣಿ. ಕಚೇರಿಗೆ ಹೋಗೋದು, ಬರೋದು, ಪೇಪರ್ ಓದೋದು. ಏನು ಕೇಳಿದರೂ "ನೋಡೋಣ" ಅನ್ನೋರು. ಆ "ನೋಡೋಣ" ಬಾಯಿಂದ ಪೂರ್ತಿ ಹೊರಗೆ ಬರೋದರೊಳಗೆ ಅಕ್ಕ ಆ ಕೆಲಸ ಮುಗಿಸಿ ಕೈ ತೊಳೆದಿರೋರು.

ಇನ್ನು ಅತ್ತೆ. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯ ಅಡಿಗೆಮನೆ ಅವರ ರಾಜ್ಯ. ಮಹಾ ಮಡಿ. ತಿಳಿಯದವರಿಗೆ ಹೇಳ್ತೀನಿ, ಮಡಿ ಅಂದರೆ ಸ್ನಾನ ಮಾಡಿ ಮಡಿ ಸೀರೆ ಉಟ್ಟ ಮೇಲೆ ಊಟ ಮುಗಿಯೋವರೆಗೆ ಯಾರನ್ನೂ ಮುಟ್ಟಕೂಡದು, ಯಾರೂ ಅವರನ್ನು ಮುಟ್ಟಕೂಡದು. ಮುಟ್ಟಿದರೆ ಮತ್ತೆ ಸ್ನಾನ. ನನ್ನ ಮಗ ಅವರ ಕಣ್ಣೆದುರಿಗೇ ಎಡವಿ ಬಿದ್ದು ಬೊಬ್ಬೆ ಹೊಡೆದಾಗಲೂ, ಕೈ ಎರಡೂ ಹಿಂದಕ್ಕೆ ಕಟ್ಟಿಕೊಂಡು "ಯಾರಾದ್ರೂ ಎತ್ಕೊಳ್ರೇ, ನನ್ ಪ್ರಾಣ ಹೋಗ್ತಿದೆ" ಅಂತ ಕೂಗಿದರೇ ಹೊರತು ಮುಟ್ಟಲಿಲ್ಲ. ತಾವು ಬೇಯಿಸಿದ್ದನ್ನು ಬಿಟ್ಟು ಬೇರೆಯವರು ಬೇಯಿಸಿದ್ದನ್ನು ತಿನ್ನೋದಿಲ್ಲ. ಅಕ್ಕನಿಗೂ ಅವರಿಗೂ ದಿನಾ ಜಗಳ. ವಿಷಯವೂ ದಿನಾ ಒಂದೇ, ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ. ಹುಳಿ ಒಲೆ ಮೇಲೆ ಕೂತಾಗ ಶುರುವಾದರೆ ಎಲೆ ಎತ್ತೋವರೆಗೂ ನಡೆಯೋದು. ಅಕ್ಕ ಈ ಮನೆಗೆ ಸೊಸೆಯಾಗಿ ಬಂದಾಗ ಸೀರೆಯ ನೆರಿಗೆ ಹಿಡಿಯೋಕೂ ಬರ್ತಿರಲಿಲ್ಲವಂತೆ. ತಾಯಿ ಇಲ್ಲದ ಹುಡುಗಿ, ಹೇಳಿಕೊಡೋರು ಯಾರು? ನೆರಿಗೆ ಹಿಡಿಯೋದನ್ನು ಕಲಿಸಿದ್ದು ಅತ್ತೆ. ಜಗಳ ಆಡೋದನ್ನು ಕಲಿಸಿದ್ದೂ ಅತ್ತೆಯೇ ಇರಬೇಕು. ಎರಡನೆಯದರಲ್ಲಿ ಶಿಷ್ಯೆ ಗುರುವನ್ನೇ ಮೀರಿಸಿದ್ದರು.

ಹೀಗಿರುವಾಗ ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಬೀದಿಗೆ ಯುಜಿಡಿ ಬಂತು. ಒಳಚರಂಡಿ ಅಂದರೆ ಯಾರಿಗೂ ತಿಳಿಯದು, ಯುಜಿಡಿ ಅಂದರೆ ಎಳೆ ಮಗುವಿಗೂ ತಿಳಿಯೋದು. ಅದು ನಮ್ಮ ಹಿತ್ತಲಿಗೆ ಹೇಗೆ ಬಂತು ಅನ್ನೋದಕ್ಕೊಂದು ಸಣ್ಣ ಪುರಾಣವಿದೆ. ನಮ್ಮ ಸಾಲಿನ ಮನೆಗಳ ಹಿಂದೆ ಮೊದಲು ಒಂದು ಸಂದು ಇತ್ತಂತೆ. ನಾನು ಮದುವೆಯಾಗಿ ಬರೋ ಹೊತ್ತಿಗೆ ಬೀದಿಯವರೆಲ್ಲ ಸೇರಿ ಆ ಸಂದನ್ನು ನುಂಗಿ ನೀರು ಕುಡಿದಿದ್ದರು. ಬೇಲಿ ಹಳೇದಾಯಿತು ಅಂತ ಹೊಸದು ಹಾಕುವಾಗೆಲ್ಲ ಒಬ್ಬೊಬ್ಬರೂ ಒಂದೊಂದು ಗೇಣು ಹಿಂದಕ್ಕೆ ಹಾಕೋರು. ನಮ್ಮ ಮಾವನವರು, ದೇವರು ಅವರಿಗೆ ಸದ್ಗತಿ ಕೊಡಲಿ, ಗೇಣು ಅಳೆಯೋದರಲ್ಲಿ ಸ್ವಲ್ಪ ಧಾರಾಳಿ. ಹಾಗೆ ದಕ್ಕಿಸಿಕೊಂಡ ಜಾಗದಲ್ಲೇ ಅತ್ತೆ ತುಳಸಿ ಕಟ್ಟೆ ಕಟ್ಟಿಸಿಬಿಟ್ಟರು. ತುಳಸಮ್ಮ ನಿಂತ ಜಾಗ ಯಾರದ್ದು ಅಂತ ಕೇಳೋ ಗಂಡಸು ಯಾರಿದ್ದಾನೆ?

ಆದರೆ ಪೈಪು ಹಾಕೋ ಗುತ್ತಿಗೆದಾರನ ನಕ್ಷೆಯಲ್ಲಿ ಆ ಸಂದು ಇನ್ನೂ ಇತ್ತು. ಅವನ ಆಳುಗಳು ಬಂದರು, ಬೇಲಿ ಸರಿಸಿದರು, ಎಲ್ಲರ ಹಿತ್ತಲಲ್ಲೂ ಸಾಲಾಗಿ ಅಗೆದರು, ಪೈಪು ಮಲಗಿಸಿ ಮುಚ್ಚಿ ಹೋದರು. ಬೀದಿಯಲ್ಲಿ ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ. ಬಾಯಿ ಬಿಟ್ಟರೆ ನುಂಗಿದ್ದು ಹೊರಗೆ ಬೀಳುತ್ತಲ್ಲ! ಇದೆಲ್ಲ ನಡೆದಾಗ ನಾವು ಊರಲ್ಲೇ ಇರಲಿಲ್ಲ. ಅಕ್ಕನ ತಮ್ಮನ ಮದುವೆ ಅಂತ ಮನೆಗೆ ಬೀಗ ಹಾಕಿಕೊಂಡು ಎಲ್ಲರೂ ಕುಣಿಗಲ್‌ಗೆ ಹೋಗಿದ್ದೆವು. ಮದುವೆ ಮುಗಿಸಿ, ಹಾಗೇ ಯಡಿಯೂರಿಗೂ ಹೋಗಿ ಕೈ ಮುಗಿದು ವಾಪಸ್ ಬಂದು ಹಿತ್ತಲ ಬಾಗಿಲು ತೆಗೆದರೆ ಹಿತ್ತಲೇ ಇಲ್ಲ! ಗೋಡೆಯಿಂದ ಬೇಲಿಯವರೆಗೂ ಕೆಸರು. ನಡುವೆ ತುಳಸಿ ಕಟ್ಟೆ ಒಂದು ಮಾತ್ರ ಅಲ್ಲಾಡದೆ, ಒಂದು ಬಿರುಕೂ ಇಲ್ಲದೆ ನಿಂತಿತ್ತು. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾವು ಯಾರೂ ಇಟ್ಟುಕೊಳ್ಳಲಿಲ್ಲ.

ಅತ್ತೆ ಬೇಲಿ ಹತ್ತಿರ ನಿಂತು ವಿಷಯ ತಿಳಿದುಕೊಂಡರು. ನೆಟ್ಟಗೆ ಒಳಗೆ ಬಂದರು. ಅಟ್ಟದ ಮೇಲಿಂದ ಟ್ರಂಕು ಇಳಿಸಿದರು.

"ಆ ಕಡೆ ಸಾಹೇಬ್ರ ಮನೇದು, ಈ ಕಡೆ ಮೇಷ್ಟ್ರ ಮನೇದು, ಬೀದಿಯೋರೆಲ್ಲರದ್ದೂ ಸೇರ್ಕೊಂಡು ನನ್ನ ಅಡಿಗೆಮನೆ ಗೋಡೆ ಪಕ್ಕದಲ್ಲೇ ಮೆರವಣಿಗೆ ಹೋಗ್ತಾ ಇದೆಯಂತೆ. ಅಲ್ಲಿ ಕೂತ್ಕೊಂಡು ನಾನು ದೇವರಿಗೆ ನೈವೇದ್ಯ ಮಾಡ್ಲಾ? ನನ್ನ ಕೈಲಾಗಲ್ಲಪ್ಪ. ಗುಬ್ಬಿಗೆ ಹೋಗ್ತೀನಿ. ಗುಬ್ಬಿಗಿನ್ನೂ ಈ ಅನಿಷ್ಟ ಬಂದಿಲ್ಲ."

ಗುಬ್ಬಿಯಲ್ಲಿ ನಮ್ಮ ನಾದಿನಿ ಇದ್ದಳು, ಅತ್ತೆಯ ಒಬ್ಬಳೇ ಮಗಳು. ಪಕ್ಕದ ಮನೆ ಸಾಹೇಬರು ಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದವರು, ಬಹಳ ಮೃದು ಮನುಷ್ಯ. ಬೇಲಿಯಾಚೆಯಿಂದ ಸಮಾಧಾನ ಮಾಡೋಕೆ ನೋಡಿದರು: "ಅಮ್ಮಾ, ಒಳಗೆ ಹೋದ್ಮೇಲೆ ಯಾರ್ದು ಯಾವ್ದು ಅಂತ ಏನ್ ಗೊತ್ತಾಗುತ್ತೆ? ಅದ್ರಲ್ಲಿ ನಿಮ್ದೂ ಇರುತ್ತಲ್ಲ!"

ಈ ಸಮಾಧಾನ ಕೇಳಿದ ಮೇಲೆ ಅತ್ತೆ ಟ್ರಂಕಿಗೆ ಬೀಗವನ್ನೂ ಹಾಕಿದರು.

ಅಕ್ಕ ಈಗ ಖುಷಿಯಿಂದ ತೆಂಗಿನಕಾಯಿ ಒಡೀತಾರೆ ಅಂದುಕೊಂಡೆ ನಾನು. ನೀವಾದರೂ ಏನಂದುಕೊಳ್ತಿದ್ದಿರಿ? ಅಡಿಗೆಮನೆ ರಾಜ್ಯ ಕೈಗೆ ಬರುತ್ತೆ, ಹುಳಿಗೆ ಅಚ್ಚು ಬೆಲ್ಲ ಹಾಕಿದರೂ ಕೇಳೋರಿಲ್ಲ! ಅಕ್ಕ ನೋಡಿದರೆ ಇಂಗು ತಿಂದ ಮಂಗನ ಹಾಗೆ ನಿಂತಿದ್ದಾರೆ. ಆಮೇಲೆ ದಡದಡ ಬಂದು ಟ್ರಂಕಿನ ಮೇಲೆ ಕೂತುಬಿಟ್ಟರು.

"ಏಳೇ" ಅಂದರು ಅತ್ತೆ.

"ಏಳಲ್ಲ. ಪೈಪ್ ಇಲ್ಲದ ಕಡೆ ಹಿತ್ತಲಲ್ಲೇ ಒಂದು ಅಡಿಗೆ ಶೆಡ್ಡು ಕಟ್ಟಿಕೊಟ್ರೆ ಇರ್ತೀರೋ ಇಲ್ವೋ? ಅಷ್ಟು ಹೇಳಿ."

"ಯಾರು ಕಟ್ಟೋರು?"

"ನಾನು."

"ನೀನಾ! ರೇಡಿಯೋ ಮೇಲೆ ಇಡ್ಲಿ ತಟ್ಟೆ ಇಟ್ಟೆ. ನನ್ನ ಶೆಡ್ಡಿನ ಮೇಲೆ ಏನಿಡ್ತೀಯ?"

"ನಿಮ್ಮನ್ನೇ ಇಡ್ತೀನಿ. ಇರ್ತೀರೋ ಇಲ್ವೋ?"

ಅತ್ತೆ ದೀಪಾವಳಿವರೆಗೆ ಗಡುವು ಕೊಟ್ಟರು. ಅಲ್ಲಿಯವರೆಗೆ ಹಾಲು, ಬಾಳೆಹಣ್ಣು, ನೆನೆಸಿದ ಅವಲಕ್ಕಿ. ಶೆಡ್ಡು ಆಗದಿದ್ದರೆ ನರಕ ಚತುರ್ದಶಿಯ ನೀರು ಗುಬ್ಬಿಯಲ್ಲೇ. "ಅವರು ಹೋದ್ರೆ ಕುಣಿಗಲ್ ಸೊಸೆ ಓಡಿಸಿದ್ಲು ಅಂತಾರೆ, ನಂಗ್ಯಾಕೆ ಆ ಕೆಟ್ಟ ಹೆಸ್ರು" ಅಂತ ಅಕ್ಕ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು. ನಾನೂ ಅದನ್ನೇ ನಂಬಿದೆ. ಆದರೆ ಆಮೇಲಿಂದ ಅಡಿಗೆ ನನ್ನ ಪಾಲಿಗೆ ಬಂತು, ನಾನು ಹುಳಿಗೆ ಬೆಲ್ಲ ಹಾಕಿಯೇ ಮಾಡಿದರೂ ಅಕ್ಕ ಎರಡು ತುತ್ತು ಉಂಡು ಎದ್ದುಬಿಡೋರು. "ಯಾಕೋ ಸೇರಲ್ಲ ಕಣೇ" ಅನ್ನೋರು. ನನ್ನ ಅಡಿಗೆಗೆ ಇಂಥ ಅವಮಾನ ಎಂದೂ ಆಗಿರಲಿಲ್ಲ.

ಪೈಪು ಇಲ್ಲದ ಕಡೆ ಕಟ್ಟಬೇಕು, ಸರಿ. ಪೈಪು ಎಲ್ಲಿದೆ? ಸಾಹೇಬರ ಹಿತ್ತಲಲ್ಲಿ ಒಂದು ಮ್ಯಾನ್‌ಹೋಲ್ ಮುಚ್ಚಳ, ಈಚೆ ಮೇಷ್ಟ್ರ ಹಿತ್ತಲಲ್ಲಿ ಇನ್ನೊಂದು. ನಡುವೆ ನಮ್ಮ ಹಿತ್ತಲಲ್ಲಿ ಏನೂ ಇಲ್ಲ, ಬರೀ ಮಣ್ಣು. ಅಗೆಯೋವಾಗ ನೋಡಿದೋರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳೋರು. ಗೋಡೆ ಪಕ್ಕ ಅಂದರು ಒಬ್ಬರು, ಬೇಲಿ ಪಕ್ಕ ಅಂದರು ಇನ್ನೊಬ್ಬರು. ಮೇಷ್ಟ್ರು ಗಣಿತದವರು, ನಡುವೆಯೇ ಇರಬೇಕು ಅಂತ ಸರಾಸರಿ ತೆಗೆದು ಹೇಳಿದರು.

ಅಕ್ಕ ಯಾರ ಮಾತನ್ನೂ ನಂಬಲಿಲ್ಲ. ಹಿತ್ತಾಳೆ ಚೊಂಬನ್ನು ನೆಲಕ್ಕೆ ಬೋರಲು ಹಾಕಿ, ಅದರ ತಳಕ್ಕೆ ಕಿವಿ ಹಚ್ಚಿ, ಕೆಸರಲ್ಲಿ ಉದ್ದಕ್ಕೂ ಮಲಗಿ ನೀರಿನ ಸದ್ದು ಕೇಳೋಕೆ ಶುರು ಮಾಡಿದರು. ಹಾಲಿನವನು ಬಂದ. ಮನೆಯ ಹಿರಿ ಸೊಸೆ ಕಣ್ಣು ಮುಚ್ಚಿ ಅಲ್ಲಾಡದೆ ನೆಲಕ್ಕೆ ಬಿದ್ದಿರೋದು ನೋಡಿದ. "ಅಯ್ಯೋ ಅಮ್ಮಾವ್ರು ಹೋಗ್ಬುಟ್ರು!" ಅಂತ ಕಿರುಚಿ, ಕೈಗೆ ಸಿಕ್ಕಿದ್ದನ್ನು ಮುಖಕ್ಕೆ ಎರಚಿದ. ಕೈಗೆ ಸಿಕ್ಕಿದ್ದು ಹಾಲು. ಅಕ್ಕ ಎದ್ದು ಕೂತು ಮುಖ ಒರೆಸಿಕೊಂಡು ನಾಲಿಗೆಗೆ ತಾಗಿದ್ದನ್ನು ಚಪ್ಪರಿಸಿದರು. "ಏನ್ಲಾ ಇದು, ಇಷ್ಟೊಂದು ನೀರು ಹಾಕಿದೀಯ! ನಾನು ಹುಡುಕ್ತಾ ಇದ್ದ ನೀರೆಲ್ಲ ಇಲ್ಲೇ ಇದೆಯಲ್ಲೋ!" ಅಂದರು. ಅವನು ಮಾರನೆಯ ದಿನದಿಂದ ಒಂದು ವಾರ ಗಟ್ಟಿ ಹಾಲು ಕೊಟ್ಟ.

ಚೊಂಬಿನ ಆಟ ನಡೆಯಲಿಲ್ಲ ಅಂತ ಅಕ್ಕ ಬಟ್ಟೆಗೆ ಹಾಕೋ ನೀಲಿಗೆ ಕೈ ಹಾಕಿದರು. ಸಾಹೇಬರ ಮನೆಯಮ್ಮ ಬಕೆಟ್ ತುಂಬ ನೀಲಿ ಕಲಸಿಕೊಂಡು ತಯಾರಾದರು. ಮೇಷ್ಟ್ರು ತಮ್ಮ ಹಿತ್ತಲ ಮುಚ್ಚಳ ತೆಗೆಸಿ, ಮೂಗಿಗೆ ಪಂಚೆ ತುದಿ ಒತ್ತಿಕೊಂಡು ಬಗ್ಗಿ ನಿಂತರು. ನಡುವೆ ಅಕ್ಕ. "ಬಿಡೀ!" ಅಂತ ಅಕ್ಕ ಕೂಗಿದ್ದೇ ತಡ, ಬೀದಿಯವರೆಲ್ಲ ಬೇಲಿ ಮೇಲೆ. ಸ್ವಲ್ಪ ಹೊತ್ತಾಯಿತು. ಮೇಷ್ಟ್ರು ಪಂಚೆ ತುದಿ ಬಿಟ್ಟು, ರೈಲು ಕಂಡವರ ಹಾಗೆ "ಬಂತು! ಬಂತು! ನೀಲಿ ಬಂತು!" ಅಂತ ಕುಣಿದಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅತ್ತೆ ಬಾಗಿಲಲ್ಲಿ ನಿಂತು ಬಾಳೆಹಣ್ಣು ಸುಲಿಯುತ್ತಿದ್ದರು. "ಅಲ್ಲಿ ಹಾಕಿದ್ದು ಇಲ್ಲಿಗೆ ಬರುತ್ತೆ ಅಂತ ತಿಳಿಯೋಕೆ ಇಡೀ ಬೀದಿ ಬಕೆಟ್ ಹಿಡೀಬೇಕಿತ್ತೇನೇ? ನಡುವೆ ಎಲ್ಲಿ ಹೋಗುತ್ತೆ ಅಂತ ಹೇಳು." ಚಪ್ಪಾಳೆ ತಟ್ಟಿದವರೆಲ್ಲ ಒಬ್ಬೊಬ್ಬರಾಗಿ ಬೇಲಿ ಇಳಿದರು.

ಕೊನೆಗೆ ಅಕ್ಕ ಸಾಹೇಬರ ಅಂಗಡಿಯಿಂದ ಹಾಸಿಗೆ ಹೊಲಿಯೋ ದಾರ ತರಿಸಿ, ಈ ಮುಚ್ಚಳದಿಂದ ಆ ಮುಚ್ಚಳಕ್ಕೆ ಬಿಗಿಯಾಗಿ ಎಳೆದು ಕಟ್ಟಿದರು. ಪೈಪು ಅಂದ ಮೇಲೆ ನೆಟ್ಟಗೆ ತಾನೇ ಹೋಗಬೇಕು? ಮೇಷ್ಟ್ರು ಕೂಡ ಎರಡು ಬಿಂದುಗಳ ನಡುವಿನ ದಾರಿ ಸರಳರೇಖೆ ಅಂತ ಸರ್ಟಿಫಿಕೇಟ್ ಕೊಟ್ಟರು. ದಾರ ತುಳಸಿ ಕಟ್ಟೆಯ ಹೊಟ್ಟೆಗೇ ಬಂದು ತಗುಲಿತು. ಅತ್ತೆ "ಅಯ್ಯಯ್ಯೋ, ತುಳಸಮ್ಮನ ಕಾಲ ಕೆಳಗೇ ಹರೀತಾ ಇದೆಯಾ!" ಅಂತ ಎದೆ ಹಿಡಿದುಕೊಂಡರು. ಅಕ್ಕ ಸುಮ್ಮನಿರಬೇಕೋ ಬೇಡವೋ? "ಇರ್ಲಿ ಬಿಡಿ, ತುಳಸಿಗೆ ಗೊಬ್ಬರ ಬೇಡ್ವಾ?" ಅಂದುಬಿಟ್ಟರು. ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ತೀರ್ಪು ಕೊಟ್ಟರು: ಹೊಳೆ ದಾಟಿದ ಹಾಗೆ ಪೈಪನ್ನು ದಾಟಬಹುದು, ದೋಷವಿಲ್ಲ, ಅದರ ಮೇಲೆ ಒಲೆ ಹೂಡಿ ಬೇಯಿಸಿದರೆ ದೋಷ. ಅಕ್ಕ ದಾರದಿಂದ ಆದಷ್ಟೂ ದೂರಕ್ಕೆ, ಹಿತ್ತಲ ಹಿಂದಿನ ಮೂಲೆಯಲ್ಲಿ ಜಾಗ ಗುರುತು ಹಾಕಿದರು.

ಅಷ್ಟರಲ್ಲಿ ಗುಬ್ಬಿಯ ನಾದಿನಿ, ಅಮ್ಮ ಬರ್ತಾರೆ ಅಂತ ತನ್ನ ಮನೆಯ ಒಂದು ಕೋಣೆಗೆ ಸುಣ್ಣ ಹೊಡೆಸ್ತಾ ಇದ್ದಾಳೆ ಅಂತ ಸುದ್ದಿ ಬಂತು. ಅಕ್ಕ ಕೂಡಲೇ ಗುಬ್ಬಿ ಬಸ್ ಹತ್ತಿದರು. ಅಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಸಂಜೆ ಬಸ್ಸಿನ ಮೇಲೆ, ಅತ್ತೆಗೆ ಅಂತ ಸುಣ್ಣ ಹೊಡೆಸಿದ್ದ ಆ ಕೋಣೆಯ ಬಾಗಿಲನ್ನೇ ಹೇರಿಸಿಕೊಂಡು ಬಂದರು! ಕಂಡಕ್ಟರ್ ಲಗೇಜ್ ಚೀಟಿ ಹರಿಯೋಕೆ ಹೋದನಂತೆ. "ಬಾಗಿಲು ಅಂದ್ರೆ ಮನೆ ಇದ್ದಂಗೆ. ಮನೇನ ಲಗೇಜ್ ಅಂತಾರೇನ್ರೀ?" ಅಂತ ಅಕ್ಕ ವಾದಕ್ಕೆ ಕೂತರು. "ಹಂಗಾದ್ರೆ ಮನೆ ಒಳಗೆ ಕೂತ್ಕೊಂಡು ಬನ್ನಿ ತಾಯಿ, ಬಸ್ಸಲ್ಲಿ ಸೀಟ್ ಬಿಡಿ" ಅಂದನಂತೆ ಅವನು. "ನಾದಿನಿ ಕೊಟ್ಟಳಾ?" ಅಂತ ನಾನು ಕೇಳಿದೆ. "ಬಾಗಿಲೇ ಇಲ್ಲದ ಕೋಣೇಲಿ ಅಮ್ಮನ್ನ ಹೆಂಗ್ ಇಟ್ಕೋತಾಳೆ ಹೇಳು?" ಅಂದರು ಅಕ್ಕ. ತುಮಕೂರಿನ ವಕೀಲರು ಯಾರೂ ಇಂಥ ಪಾಯಿಂಟು ಹಾಕಿರಲಾರರು.

ಕಟ್ಟೋ ಕೆಲಸ ಶುರುವಾಯಿತು. ಮೇಷ್ಟ್ರ ಹಳೇ ಕಾಂಪೌಂಡು ಬಿದ್ದು ರಾಶಿಯಾಗಿದ್ದ ಇಟ್ಟಿಗೆ, ಹಿತ್ತಲದ್ದೇ ಮಣ್ಣು, ಒಂದಿಷ್ಟು ಸುಣ್ಣ. ಪಾಯ ಆಳ ತೆಗೆದರೆ ಎಲ್ಲಿ ಪೈಪಿಗೆ ಹಾರೆ ತಗಲುತ್ತೋ ಅಂತ ಭಯ, ಅದಕ್ಕೇ ಪಾಯ ತೆಗೆಯಲಿಲ್ಲ, ನೆಲವನ್ನು ಸ್ವಲ್ಪ ಕೆರೆದರು ಅಷ್ಟೆ. ಮೊದಲ ಗೋಡೆ ಎದೆಯೆತ್ತರ ಬಂತು, ಒಂದು ಮಳೆ ಹೊಡೆಯಿತು, ಮಾರನೆಯ ಬೆಳಿಗ್ಗೆ ಮೊಣಕಾಲೆತ್ತರ ಆಗಿತ್ತು. ಭಾವ ಪೇಪರ್ ಕೆಳಗಿಟ್ಟು ಬಂದು ನೋಡಿ, "ಬಿದ್ದಿದೆಯಲ್ಲೇ" ಅಂದರು. "ಬಿದ್ದಿಲ್ಲ, ಕೂತ್ಕೊಂಡಿದೆ" ಅಂದರು ಅಕ್ಕ. "ಮೇಸ್ತ್ರಿ ಒಬ್ಬನ್ನ ಕರೆಸೋಣ್ವಾ?" ಅಂದರು ಭಾವ, ಬಹಳ ಧೈರ್ಯ ಮಾಡಿ. ಅಕ್ಕ ಅವರನ್ನು ನೋಡಿದ ನೋಟಕ್ಕೆ ಭಾವ ಮತ್ತೆ ಪೇಪರ್ ಎತ್ತಿಕೊಂಡರು.

ಗೋಡೆ ನೆಟ್ಟಗಿದೆಯೋ ಅಂತ ನೋಡೋಕೆ ಮೇಸ್ತ್ರಿಗಳು ದಾರಕ್ಕೆ ಕಟ್ಟಿದ ಗುಂಡು ಇಳಿಬಿಡ್ತಾರಲ್ಲ, ಅದು ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಅಕ್ಕ ದೇವರ ಮನೆಯ ಗಂಟೆಯನ್ನೇ ದಾರಕ್ಕೆ ಕಟ್ಟಿ ಇಳಿಬಿಟ್ಟರು. ಒಂದೊಂದು ವರಸೆ ಇಟ್ಟಿಗೆ ಏರಿದಾಗಲೂ ಟಿಣಿಟಿಣಿ ಅಂತ ಗಂಟೆ. ಒಳಗಿದ್ದ ಅತ್ತೆ ಮಂಗಳಾರತಿ ಅಂತ ಓಡಿಬಂದು ಕೈ ಮುಗಿದು, ಕಣ್ಣು ತೆರೆದು ನೋಡಿದರೆ ಎದುರಿಗೆ ಕೆಸರು ಮೆತ್ತಿಕೊಂಡ ಸೊಸೆ! "ನಿನ್ನ ಮುಖಕ್ಕೆ ಕೈ ಮುಗಿದೆನಲ್ಲೇ!" ಅಂತ ಅತ್ತೆ ಕೂಗಿದರೆ, "ಪರ್ವಾಗಿಲ್ಲ, ಒಳ್ಳೇದಾಗ್ಲಿ" ಅಂತ ಅಕ್ಕ ಹರಸಿದರು. ಸಾಹೇಬರು ಬೇಲಿಯಾಚೆ ನಗು ತಡೆಯಲಾರದೆ ಹತ್ತಿ ಮೂಟೆ ಮೇಲೆ ಕುಸಿದು ಕೂತರು.

ನಗೋದು ನಗೋದೇ. ಆದರೆ ಅಕ್ಕನ ಕೈ ನಾನು ನೋಡಿದ್ದೆ. ಸುಣ್ಣ ತಿಂದು ಅಂಗೈ ಸೀಳಿತ್ತು. ಬೆರಳಿನ ಸಂದಿಯಲ್ಲೆಲ್ಲ ಬೊಬ್ಬೆ ಎದ್ದು ಒಡೆದಿದ್ದವು. ಅತ್ತೆ ಎದುರಿಗೆ ಬಂದರೆ ಕೈ ಎರಡನ್ನೂ ಸೆರಗಿನೊಳಗೆ ಸುತ್ತಿಕೊಂಡುಬಿಡೋರು. "ಛಳಿ ಕಣೇ" ಅನ್ನೋರು ನನಗೆ. ತುಮಕೂರಿನಲ್ಲಿ ನಡು ಮಧ್ಯಾಹ್ನ ಅದೆಂಥ ಛಳಿಯೋ! ಅತ್ತೆ ಹಾಲು ಹಣ್ಣಿನಲ್ಲೇ ದಿನ ನೂಕುತ್ತಾ ಸೊರಗಿ, ರವಿಕೆ ತೋಳು ಸಡಿಲವಾಗಿ ಜೋಲಾಡುತ್ತಿದ್ದದ್ದನ್ನು ಅಕ್ಕನೂ ನೋಡ್ತಾ ಇದ್ದರು. ಅದಕ್ಕೇ ಕೈ ನಿಲ್ಲಿಸಲಿಲ್ಲ.

ದೀಪಾವಳಿಗೆ ಮುಂಚೆ ಶೆಡ್ಡು ಎದ್ದು ನಿಂತಿತು. ನಿಂತಿತು ಅನ್ನೋದನ್ನು ಸ್ವಲ್ಪ ಉದಾರವಾಗಿ ಓದಿಕೊಳ್ಳಿ. ಒಂದು ಗೋಡೆ ಎಡಕ್ಕೆ ವಾಲಿತ್ತು, ಎದುರಿನದು ಬಲಕ್ಕೆ ವಾಲಿತ್ತು, ಹೆಂಚು ಎರಡನ್ನೂ ಸಮಾಧಾನಪಡಿಸಿ ಹಿಡಿದುಕೊಂಡಿತ್ತು. ಗುಬ್ಬಿ ಬಾಗಿಲು ಮಾತ್ರ ನೆಟ್ಟಗಿತ್ತು. ಬೀದಿಯವರೆಲ್ಲ ಬಂದು ಭೇಷ್ ಅಂದರು. ಅತ್ತೆ ಸ್ನಾನ ಮಾಡಿ, ಮಡಿ ಉಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹಾಲು ಉಕ್ಕಿಸಿದರು. ಬಹಳ ಹೊತ್ತು ಸದ್ದೇ ಇಲ್ಲ. ಅಕ್ಕ ಹೊರಗೆ ಉಗುರು ಕಚ್ಚುತ್ತಾ ನಿಂತಿದ್ದರು. ಆಮೇಲೆ ಬಾಗಿಲು ತೆಗೆದು ಅತ್ತೆ, "ಆಗಬಹುದು. ಟ್ರಂಕ್ ಅಟ್ಟಕ್ಕೆ ಹಾಕ್ಸು" ಅಂದರು.

ಒಳಗೆ ಇಣುಕಿದರೆ, ಅಕ್ಕ ಗೋಡೆಗೆ ಸರಿಯಾಗಿ ಹೂಡಿಕೊಟ್ಟಿದ್ದ ಒಲೆಯನ್ನು ಅತ್ತೆ ಕಿತ್ತು, ಮೂಲೆಗೆ ಸೊಟ್ಟಗೆ ಹೂಡಿದ್ದರು. ಮಣೆಯೂ ಸೊಟ್ಟ, ನೀರಿನ ಕೊಳಗವೂ ಸೊಟ್ಟ. ಅರ್ಧ ಶೆಡ್ಡು ಖಾಲಿ, ಅತ್ತೆ ಮತ್ತು ಅವರ ಸಂಸಾರ ಒಂದು ಮೂಲೆಯಲ್ಲಿ ಮುದುರಿಕೊಂಡು.

"ಯಾಕೆ ಅತ್ತೆ ಒಲೆ ಸೊಟ್ಟಗೆ ಹಾಕಿದ್ರಿ? ಇಷ್ಟು ಜಾಗ ಇದೆಯಲ್ಲ!"

"ನನ್ನ ಒಲೆ, ನನ್ನಿಷ್ಟ. ನೀನು ಕಟ್ಟಿದ ಗೋಡೆ ಸೊಟ್ಟ ಇದೆ ಅಂತ ನಾನೇನಾದ್ರೂ ಅಂದ್ನಾ?"

ಅಲ್ಲಿಗೆ ಜಗಳಕ್ಕೆ ಹೊಸ ವಿಷಯ ಸಿಕ್ಕಿತು. ಬೆಲ್ಲದ ಜೊತೆಗೆ ಸೊಟ್ಟ ಒಲೆಯೂ ಸೇರಿತು. ಅತ್ತೆ ಬೆಳಗಿನ ಜಾವ ಎದ್ದು ಮೌನವಾಗಿ ಒಲೆ ಹಚ್ಚೋರು. ಹುಳಿ ಕುದಿಯೋಕೆ ಶುರುವಾದರೆ ಅಕ್ಕ ಹೊಸ್ತಿಲಾಚೆ ಕುಕ್ಕರುಗಾಲಲ್ಲಿ ಕೂತು ಹಾಜರಿ ಹಾಕೋರು. ಎಷ್ಟೋ ವರ್ಷ ಹೀಗೇ ನಡೆಯಿತು. ಅಕ್ಕನಿಗೆ ಮತ್ತೆ ಊಟ ಸೇರಿತು, ಮೈ ಕೈ ತುಂಬಿಕೊಂಡರು.

ಆಮೇಲೆ ಒಂದು ಬೆಳಿಗ್ಗೆ ಇಡೀ ಬೀದಿಯ ಬಚ್ಚಲುಗಳು ತುಂಬಿ ನಿಂತವು. ಸಾಹೇಬರ ಹಿತ್ತಲ ಮುಚ್ಚಳ ಮೇಲೆದ್ದು ಉಕ್ಕುತ್ತಿತ್ತು, ಮೇಷ್ಟ್ರ ಕಡೆ ಒಂದು ಹನಿಯೂ ಬರುತ್ತಿರಲಿಲ್ಲ. ಅಂದರೆ ಕಟ್ಟಿಕೊಂಡಿರೋದು ನಡುವೆ, ನಮ್ಮ ಹಿತ್ತಲಲ್ಲಿ! ಬೀದಿಯವರು ಪೈಪಿನವರನ್ನು ಕರೆಸಿದರು. ಬಂದ ಮೇಸ್ತ್ರಿ, ಆವತ್ತು ಪೈಪು ಹಾಕಿದಾಗ ಇದ್ದವನೇ. ಅಕ್ಕ ದಾರ ಹಿಡಿದು ಓಡಿಬಂದು ಇಲ್ಲಿಂದ ಇಲ್ಲಿಗೆ ಅಂತ ತೋರಿಸಿದರು. ಅವನು ತಲೆಯಾಡಿಸಿದ.

"ಅಲ್ಲಿಲ್ಲ ಕಣಮ್ಮ. ನಡುವೆ ತುಳಸಿ ಕಟ್ಟೆ ಇತ್ತಲ್ಲ, ಮನೆಗೆ ಬೀಗ, ಕೇಳಾಣ ಅಂದ್ರೆ ಯಾರೂ ಇರ್ಲಿಲ್ಲ. ತುಳಸಮ್ಮನ್ನ ಹೆಂಗ್ ಕೀಳಾದು? ನಮ್ಗೂ ಹೆಂಡ್ರು ಮಕ್ಳು ಇಲ್ವಾ? ಸುತ್ತು ಹಾಕ್ಸಿ ಹಿಂದ್ಗಡೆಯಿಂದ ತಗೊಂಡೋದ್ವಿ. ಆ ತಿರುವಲ್ಲೇ ಕಟ್ಕೊಂಡಿರ್ತದೆ." ಕೈ ಎತ್ತಿ ಶೆಡ್ಡು ತೋರಿಸಿದ. "ಅದ್ರ ಕೆಳಗೇ."

ನೋಡಿದಿರಾ! ಇಡೀ ಬೀದಿಯ ಕೊಳಚೆ ಇಷ್ಟು ವರ್ಷ ನಮ್ಮ ತುಳಸಿಗೆ ಭಕ್ತಿಯಿಂದ ಪ್ರದಕ್ಷಿಣೆ ಹಾಕ್ತಾ ಇತ್ತು. ಆ ಪ್ರದಕ್ಷಿಣೆಯ ದಾರಿಯ ಮೇಲೇ ನಮ್ಮ ಅಕ್ಕ ಅತ್ತೆಗೆ ಅಡಿಗೆಮನೆ ಕಟ್ಟಿಕೊಟ್ಟಿದ್ದರು. ನನಗೆ ನಗು ಬರಬೇಕಿತ್ತು. ಅಕ್ಕನ ಮುಖ ನೋಡಿ ಬರಲಿಲ್ಲ.  ಶೆಡ್ಡಿನ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತು, ಪಿಸುದನಿಯಲ್ಲಿ ಮೇಸ್ತ್ರಿಯನ್ನು ಬೇಡಿಕೊಂಡರು: "ಮೆಲ್ಲಗೆ ಮಾತಾಡಪ್ಪ, ನಿನ್ ದಮ್ಮಯ್ಯ. ನಮ್ಮತ್ತೆ ಒಳಗಿದಾರೆ. ತಿಳಿದ್ರೆ ಇವತ್ತೇ ಗುಬ್ಬಿಗೆ ಹೊರಟೋಗ್ತಾರೆ. ಬೇರೆ ಕಡೆಯಿಂದ ಏನಾದ್ರೂ ಮಾಡು."

ಒಳಗಿಂದ ಅತ್ತೆಯ ದನಿ ಬಂತು. "ಬೇರೆ ಕಡೆಯಿಂದ ಎಲ್ಲಿ ಮಾಡ್ತಾನೆ? ದಾರಿ ಬಿಡೇ."

ಹುಳಿ ಒಲೆ ಮೇಲಿತ್ತು. ಅತ್ತೆ ಮಣೆಯಿಂದ ಏಳದೆ, ಸೌಟು ನೀಡಿ ನೆಲದ ಮೇಲೆ ಗಾಳಿಯಲ್ಲೇ ಗೆರೆ ಎಳೆದರು. "ನೋಡಪ್ಪ, ಆ ಮೂಲೆಯಿಂದ ಈ ಹೊಸ್ತಿಲವರೆಗೆ ಓರೆಯಾಗಿ ಬರುತ್ತೆ. ಈ ಕಡೆ ಅಗೀಬೇಡ, ಒಲೆ ಕೆಳಗೆ ಇಲ್ಲ. ಹುಳಿ ಇಳಿಸ್ತೀನಿ, ಆಮೇಲೆ ಬನ್ನಿ."

ಆಗ ಆ ಸೊಟ್ಟ ಒಲೆಯನ್ನು ನೋಡಿದೆವು. ಸೊಟ್ಟ ಮಣೆ, ಸೊಟ್ಟ ಕೊಳಗ, ಎಲ್ಲವೂ ಅತ್ತೆ ತೋರಿಸಿದ ಗೆರೆಗೆ ಒಂದು ಗೇಣು ಈಚೆಗೆ, ಗೆರೆಯನ್ನು ತಪ್ಪಿಸಿಕೊಂಡು ಸಾಲಾಗಿ ಕೂತಿದ್ದವು.

"ನಿಮಗೆ ಗೊತ್ತಿತ್ತಾ?" ಅಂದರು ಅಕ್ಕ. ಅವರ ದನಿ ಅಷ್ಟು ಸಣ್ಣದಾಗಿ ಬಂದದ್ದನ್ನು ನಾನು ಅವತ್ತೇ ಕೇಳಿದ್ದು.

"ಹಾಲು ಉಕ್ಕಿಸೋಕೆ ಕೂತ ದಿನಾನೇ. ನೆಲದೊಳಗೆ ಗುಳುಗುಳು ಅಂತಿತ್ತು. ನೀನು ಒಂದು ಗಳಿಗೆ ಬಾಯಿ ಮುಚ್ಕೊಂಡಿದ್ರೆ ನಿಂಗೂ ಕೇಳಿಸ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸುಮ್ನೆ ಇರ್ತಿದ್ಯೇನೇ? ಇದನ್ನ ಕಿತ್ತು ಇನ್ನೊಂದು ಕಡೆ ಕಟ್ಟೋಕೆ ನಿಂತ್ಕೋತಿದ್ದೆ." ಅತ್ತೆ ಒಲೆಯ ಕಡೆ ತಿರುಗಿ ಸೌದೆ ಹಿಂದಕ್ಕೆ ಎಳೆದರು. "ಸೆರಗಲ್ಲಿ ಸುತ್ಕೊಂಡ್ರೆ ಕಾಣಲ್ಲ ಅಂದ್ಕೊಂಡ್ಯಾ? ಆ ಕೈ ನೋಡಿದ್ದೆ ಕಣೇ ನಾನು."

"ದೇವರಿಗೆ ನೈವೇದ್ಯ..."

"ದೇವರಿಗೆ ಅವತ್ತೇ ಹೇಳ್ದೆ. ನಾನು ಸ್ವಲ್ಪ ಸರ್ಕೊಂಡು ಕೂತಿದೀನಿ, ನೀನೂ ಸ್ವಲ್ಪ ಸರ್ಕೊಂಡು ಕೂತ್ಕೊಳಪ್ಪ ಅಂತ."

ನಮ್ಮ ಅಕ್ಕನ ಹತ್ತಿರ ಯಾವ ಮಾತಿಗೆ ಉತ್ತರ ಇರಲಿಲ್ಲ ಹೇಳಿ? ಹಾಲಿನವನಿಗೆ ಇತ್ತು, ಕಂಡಕ್ಟರಿಗೆ ಇತ್ತು, ತುಳಸಮ್ಮನ ವಿಷಯಕ್ಕೂ ಇತ್ತು. ಅವತ್ತು ಮಾತ್ರ ಹೊಸ್ತಿಲ ಮೇಲೆ ಕುಸಿದು ಕೂತು, ಬೀದಿಯವರೆಲ್ಲ ನೋಡ್ತಾ ಇದ್ದ ಹಾಗೇ, ಮಗುವಿನ ಹಾಗೆ ಗಟ್ಟಿಯಾಗಿ ಅತ್ತುಬಿಟ್ಟರು.

ಅತ್ತೆ ಹುಳಿ ಇಳಿಸದೆ ಸೌಟು ಕೆಳಗಿಟ್ಟರು. ಆಮೇಲೆ ಮಣೆಯಿಂದ ಎದ್ದು ಬಂದು, ಆ ಗೆರೆಯನ್ನು ದಾಟಿ, ಹೊಸ್ತಿಲ ಹತ್ತಿರ ಕೂತು, ಅಕ್ಕನ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ನೈವೇದ್ಯ ಇನ್ನೂ ಆಗಿರಲಿಲ್ಲ.

"ಅತ್ತೆ, ಮಡಿ" ಅಂದರು ಅಕ್ಕ, ಬಿಕ್ಕುತ್ತಾ.

"ಸುಮ್ನಿರೇ" ಅಂದರು ಅತ್ತೆ, ಕೈ ಬಿಡದೆ.

ಅವರು ಮತ್ತೆ ಸ್ನಾನಕ್ಕೆ ಹೋಗಲಿಲ್ಲ. ಹಾಗೇ ಹೋಗಿ ಒಲೆ ಮುಂದೆ ಕೂತರು. ಅಷ್ಟರಲ್ಲಿ ಹುಳಿ ತಳ ಹಿಡಿದಿತ್ತು. ಅದನ್ನೇ ದೇವರಿಗೆ ತೋರಿಸಿ, ಮಧ್ಯಾಹ್ನ ನಮಗೆಲ್ಲ ಬಡಿಸಿದರು. ಬೆಲ್ಲವಿಲ್ಲದ, ಸೀದ ಹುಳಿ. ಅಕ್ಕ ತುಟಿ ಎರಡು ಮಾಡದೆ ಮತ್ತೆ ಮತ್ತೆ ಬಡಿಸಿಕೊಂಡು ಉಂಡರು.